ಗರಗಸಕ್ಕಿಂತ ಮೊದಲು ಹಾರ್ನೆಸ್: ಮರ ಹತ್ತಲು ಕಲಿಯುವವರು ಹತ್ತು ಸಾವಿರವನ್ನು ಎಲ್ಲಿ ಹಾಕಬೇಕು?

ಮರಗಸಿ ಕೆಲಸ ಕಲಿಯೋಕೆ ಹೊರಟಾಗ ನನ್ನ ಕೈಯಲ್ಲಿದ್ದದ್ದು ಹತ್ತು ಸಾವಿರ ಚಿಲ್ಲರೆ. ಎರಡು ತಿಂಗಳು ಕಾಳುಮೆಣಸು ಕೊಯ್ದು ಉಳಿಸಿದ ದುಡ್ಡು. ನಮ್ಮ ಕಡೆ ಏಪ್ರಿಲ್-ಮೇ ಬಂತೆಂದರೆ ಕಾಫಿ ತೋಟಗಳಲ್ಲಿ ನೆರಳು ತೆಗೆಯೋ ಕೆಲಸ ಜೋರು. ಹೂಮಳೆ ಬಿದ್ದು, ಮುಂಗಾರು ಹಿಡಿಯೋದರೊಳಗೆ ಸಿಲ್ವರ್ ಓಕ್, ಹಲಸು, ಅತ್ತಿ, ಹಾಲುವಾಣ ಎಲ್ಲದರ ಕೊಂಬೆ ಇಳಿಸಿ ಬೆಳಕು ಬಿಡಬೇಕು. ಮರ ಹತ್ತುವವರು ಸಿಗೋದಿಲ್ಲ, ಸಿಕ್ಕವರ ಕೂಲಿ ನೆಲದ ಮೇಲೆ ಕೆಲಸ ಮಾಡುವವರಿಗಿಂತ ಸಾಕಷ್ಟು ಜಾಸ್ತಿ. ಇಪ್ಪತ್ತೈದು ದಾಟಿದ, ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಇದಕ್ಕಿಂತ ಒಳ್ಳೆ ಲೆಕ್ಕ ಬೇರೆ ಕಾಣಲಿಲ್ಲ. ನಮ್ಮೂರಿನ ಹಿರಿಯ ಮೇಸ್ತ್ರಿ ಒಬ್ಬರ ಹಿಂದೆ ಬಿದ್ದೆ. ನನ್ನ ಜೊತೆ ಇನ್ನೂ ಮೂವರು ಹುಡುಗರು ಸೇರಿದರು.

ನಾಲ್ವರೂ ಮೊದಲ ವಾರವೇ ತಪ್ಪು ಮಾಡಿದೆವು. ಬೇರೆ ಬೇರೆ ತಪ್ಪು. ಅದನ್ನೇ ಹೇಳೋಣ ಅಂತ ಈ ಬರಹ.

ನನ್ನ ತಪ್ಪು ಮೊದಲು. ಮೊಬೈಲ್‌ನಲ್ಲಿ ಹುಡುಕಿದೆ, 'ಸೇಫ್ಟಿ ಕಾಂಬೋ' ಅಂತ ಒಂದು ಸಿಕ್ಕಿತು. ಹೆಲ್ಮೆಟ್, ಸೊಂಟದ ಬೆಲ್ಟ್, ಹಗ್ಗ, ಕೈಗವಸು, ಕನ್ನಡಕ ಎಲ್ಲ ಸೇರಿ 1,350 ರೂಪಾಯಿ. ಸ್ಟಾರ್ ನೋಡಿದೆ, ನಾಲ್ಕರ ಮೇಲಿತ್ತು. ಒತ್ತಿಬಿಟ್ಟೆ. ಪೆಟ್ಟಿಗೆ ಬಂದ ದಿನ ಅದನ್ನೆಲ್ಲ ತೊಟ್ಟು ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಮೂರನೇ ದಿನ ಸಿಲ್ವರ್ ಓಕ್ ಮೇಲೆ ಇಪ್ಪತ್ತಡಿ ಎತ್ತರದಲ್ಲಿ ನಿಂತು ಮೇಲಿನ ಕೊಂಬೆ ನೋಡೋಕೆ ತಲೆ ಎತ್ತಿದೆ. ಹೆಲ್ಮೆಟ್ ಹಿಂದಕ್ಕೆ ಜಾರಿ ಕೆಳಗೆ ಬಿತ್ತು. ಗದ್ದದ ಪಟ್ಟಿ ಅಂತ ಇದ್ದದ್ದು ಒಂದು ಇಲಾಸ್ಟಿಕ್ ದಾರ. ಇಳಿದು ತರೋಕೆ ಸೋಮಾರಿತನ, ಹಾಗೇ ಕೆಲಸ ಮುಂದುವರಿಸಿದೆ. ಅರ್ಧ ಗಂಟೆಗೆ ಒಂದು ಒಣ ತುಂಡು ಹುಬ್ಬಿನ ಮೇಲೆ ಬಡಿಯಿತು. ನಾಲ್ಕು ಹೊಲಿಗೆ. ಕಣ್ಣಿಗೆ ಒಂದು ಬೆರಳು ದೂರ ಇತ್ತು ಅಂದರು ಡಾಕ್ಟರ್.

ಮರುದಿನ ಮೇಸ್ತ್ರಿ ನನ್ನ ಬೆಲ್ಟನ್ನು ಕೇಳಿ ತಗೊಂಡರು. ಏನೂ ಹೇಳಲಿಲ್ಲ. ಅದನ್ನು ಐವತ್ತು ಕೆಜಿ ಗೊಬ್ಬರದ ಚೀಲಕ್ಕೆ ಬಿಗಿದು, ಅದರ ಹಗ್ಗವನ್ನು ಹಲಸಿನ ಕೊಂಬೆಗೆ ಕಟ್ಟಿ, ಚೀಲವನ್ನು ಸುಮಾರು ಒಂದು ಮೀಟರ್ ಎತ್ತಿ ಬಿಟ್ಟರು. ಪಟಪಟ ಅಂತ ಹೊಲಿಗೆ ಬಿಚ್ಚಿಕೊಂಡು ಚೀಲ ನೆಲಕ್ಕೆ ಬಿತ್ತು. 'ನಿನ್ನ ತೂಕ ಎಷ್ಟು?' ಅಂತ ಕೇಳಿದರು. ಅರವತ್ತೆಂಟು. (ಈ ಪರೀಕ್ಷೆಯನ್ನು ನೀವು ಒಳ್ಳೆ ಹಾರ್ನೆಸ್ ಮೇಲೆ ಮಾಡಬೇಡಿ ಮತ್ತೆ. ಒಂದು ಸಲ ಜೋರಾಗಿ ಜಗ್ಗಿಸಿಕೊಂಡ ಹಾರ್ನೆಸ್ ಆಮೇಲೆ ಬಳಸೋಕೆ ಲಾಯಕ್ಕಲ್ಲ, ಹೊರಗೆ ಏನೂ ಕಾಣದಿದ್ದರೂ.)

ಸೊಂಟದ ಬೆಲ್ಟ್ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಸೇಫ್ಟಿ ಬೆಲ್ಟ್ ಅಂದರೆ ಎಲ್ಲರ ತಲೆಯಲ್ಲೂ ಅದೇ ಇದೆ. ಹೊಲಿಗೆ ಗಟ್ಟಿ ಇದ್ದರೂ ಅದು ಬೀಳುವವನನ್ನು ಹಿಡಿಯೋ ಸಾಧನ ಅಲ್ಲ. ಬಿದ್ದಾಗ ಇಡೀ ಮೈಯ ಹೊಡೆತ ಹೊಟ್ಟೆ, ಪಕ್ಕೆಲುಬು, ಬೆನ್ನುಮೂಳೆ ಮೇಲೆ ಬೀಳುತ್ತೆ. ತಲೆಕೆಳಗಾದರೆ ಬೆಲ್ಟಿನಿಂದ ಜಾರಿ ಹೊರಗೆ ಬರಬಹುದು. ಅಮೆರಿಕದಲ್ಲಿ 1998ರ ಜನವರಿ 1ರಿಂದಲೇ ಬೀಳುವವರನ್ನು ತಡೆಯೋಕೆ ಸೊಂಟದ ಬೆಲ್ಟ್ ಬಳಸುವಂತಿಲ್ಲ ಅಂತ ನಿಯಮ ಆಗಿದೆ. ನಮ್ಮ ಪೇಟೆಗಳ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತೂ ಅದನ್ನೇ ಮೊದಲು ತೆಗೆದು ತೋರಿಸ್ತಾರೆ.

ಇನ್ನು ನನ್ನ ಗೆಳೆಯನ ತಪ್ಪು. ಅವನ ಹತ್ತಿರ ಹದಿನೈದು ಸಾವಿರ ಇತ್ತು. ಹದಿನಾಲ್ಕಕ್ಕೆ ಪೆಟ್ರೋಲ್ ಚೈನ್ ಸಾ ತಂದ. 'ಮಿಷನ್ ಇದ್ರೆ ಕೆಲಸ ತಾನಾಗೇ ಬರುತ್ತೆ, ಉಳಿದಿದ್ದು ಆಮೇಲೆ ತಗೊಂಡ್ರಾಯ್ತು' ಅಂದ. ನಿಜ ಹೇಳಬೇಕೆಂದರೆ ಆಗ ನಮಗೆಲ್ಲ ಹೊಟ್ಟೆಕಿಚ್ಚು. ಒಂದೂವರೆ ತಿಂಗಳಿಗೆ, ಮರದ ಮೇಲೂ ಅಲ್ಲ, ನೆಲದಲ್ಲೇ ನಿಂತು ಬಿದ್ದ ಕೊಂಬೆ ತುಂಡರಿಸುವಾಗ ಬ್ಲೇಡಿನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿತು. ಗರಗಸ ಹಿಂದಕ್ಕೆ ಹಾರಿ ಎಡ ತೊಡೆಗೆ ಇಳಿಯಿತು. ಜೀನ್ಸ್ ಪ್ಯಾಂಟ್ ಇತ್ತು. ಜೀನ್ಸ್ ದಪ್ಪ, ಏನೂ ಆಗಲ್ಲ ಅಂತ ನಾವೆಲ್ಲ ನಂಬಿದ್ದೆವು. ಚೈನಿಗೆ ಜೀನ್ಸ್ ಒಂದೇ, ಬಾಳೆ ಎಲೆ ಒಂದೇ. ಮೇಸ್ತ್ರಿ ತಮ್ಮ ಪಂಚೆ ಮಡಿಚಿ ಗಾಯದ ಮೇಲಿಟ್ಟು, ಪೂರ್ತಿ ಭಾರ ಹಾಕಿ ಒತ್ತಿ ಹಿಡಿದುಕೊಂಡೇ ಜೀಪಿನಲ್ಲಿ ಕೂತಿದ್ದರಿಂದ ಹುಡುಗ ಉಳಿದ. ಮಿಷನ್ ಮಾರಿದ್ದು ಆಸ್ಪತ್ರೆ ಬಿಲ್ಲಿನ ಕಾಲು ಭಾಗಕ್ಕೂ ಸಾಲಲಿಲ್ಲ. ಈಗ ಅವನು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ಏಣಿ ಮೆಟ್ಟಿಲು ಹತ್ತುವಾಗ ಇನ್ನೂ ಕಾಲು ಎಳೀತಾನೆ.

ಅದಕ್ಕೇ ನನ್ನ ಅಭಿಪ್ರಾಯ ಖಡಾಖಂಡಿತ: ಕಲಿಯೋ ಮೊದಲ ವರ್ಷ ಚೈನ್ ಸಾ ಕೊಳ್ಳಲೇಬೇಡಿ. ಮರದ ಮೇಲಂತೂ ಅದನ್ನು ಒಯ್ಯಲೇಬೇಡಿ. ಆರೇಳು ನೂರು ರೂಪಾಯಿಗೆ ಬಾಗಿದ ಬ್ಲೇಡಿನ, ಎಳೆದಾಗ ಕೊಯ್ಯುವ ಒಳ್ಳೆ ಕೈಗರಗಸ ಸಿಗುತ್ತೆ. ಮಣಿಕಟ್ಟಿನ ದಪ್ಪದ ಕೊಂಬೆ ಅದರಲ್ಲಿ ಒಂದು ನಿಮಿಷವೂ ಹಿಡಿಯಲ್ಲ. ಕೈಗರಗಸದಲ್ಲಿ ಕೊಂಬೆ ಯಾವ ಕಡೆ ಜಗ್ಗುತ್ತೆ, ಕೆಳಗಿಂದ ಮೊದಲ ಕಚ್ಚು ಎಲ್ಲಿ ಹಾಕಬೇಕು, ತೊಗಟೆ ಸೀಳದಂತೆ ಹೇಗೆ ಬಿಡಿಸಬೇಕು ಅನ್ನೋದು ಕೈಗೆ ತಿಳಿಯುತ್ತೆ. ಮಿಷನ್ ಹಿಡಿದವನಿಗೆ ಅದು ತಿಳಿಯೋಷ್ಟರಲ್ಲಿ ಕೊಂಬೆ ಬಿದ್ದಾಗಿರುತ್ತೆ. 'ಕೂಲಿ ಕಮ್ಮಿ ಆಗುತ್ತಲ್ಲ' ಅಂತೀರಿ. ಆಗುತ್ತೆ. ಒಂದು ವರ್ಷ ಆಗಲಿ ಬಿಡಿ.

ಈಗ ದುಡ್ಡಿನ ವಿಷಯ. ಕಾಂಬೋ ಕಸಕ್ಕೆ ಹಾಕಿದ ಮೇಲೆ ಮತ್ತೆ ಒಂದು ತಿಂಗಳು ಕೂಲಿ ಮಾಡಿ ಹತ್ತು ಸಾವಿರ ಸೇರಿಸಿದೆ. ಈ ಸಲ ಪೇಟೆಗೆ ಹೋಗುವ ಮೊದಲು ಹದಿನೈದು ದಿನ ಓದಿದೆ, ಕೇಳಿದೆ.

ವಿದೇಶದಲ್ಲಿ ಮರದ ಕೆಲಸದವರಿಗೆಂದೇ ಮಾಡಿದ ಹಾರ್ನೆಸ್ ಬರುತ್ತೆ. ಚೆಂದ ಇದೆ, ದಿನವಿಡೀ ಕೂತರೂ ತೊಡೆ ನೋಯಲ್ಲ. ಆಮದು ಬೆಲೆ ಇಪ್ಪತ್ತು ಸಾವಿರದಿಂದ ಮೇಲೆ. ಕಲಿಯುವವನ ಜೇಬಿಗಲ್ಲ ಅದು. ಇನ್ನೊಂದು ಕಡೆ ಕಟ್ಟಡ ಕೆಲಸದವರ ಫುಲ್ ಬಾಡಿ ಹಾರ್ನೆಸ್ ಇದೆ, ಸಾವಿರ-ಸಾವಿರದೈನೂರಕ್ಕೆ ಸಿಗುತ್ತೆ. ಬಿದ್ದಾಗ ಹಿಡಿಯುತ್ತೆ, ಆದರೆ ಅದರ ಕೊಂಡಿ ಬೆನ್ನಿನ ಮೇಲೆ. ಮರದಲ್ಲಿ ಬೆನ್ನಿನಿಂದ ತೂಗಿದರೆ ಮುಖ ಮುಂದಕ್ಕೆ ಬಾಗಿ ಬಾವಲಿ ತರ ಆಗ್ತೀರಿ, ಎರಡು ಕೈ ಬಿಟ್ಟು ಕೊಯ್ಯೋಕೆ ಆಗಲ್ಲ. ನಮಗೆ ಬೇಕಾದ್ದು ಇವೆರಡರ ನಡುವಿನದು. ಮೊಬೈಲ್ ಟವರ್ ಹತ್ತುವವರು, ವಿದ್ಯುತ್ ಕಂಬ ಹತ್ತುವವರು ಬಳಸೋ ಹಾರ್ನೆಸ್. ಅದರಲ್ಲಿ ಬೆನ್ನಿನ ಕೊಂಡಿಯ ಜೊತೆಗೆ ಸೊಂಟದ ಎರಡೂ ಪಕ್ಕದಲ್ಲಿ ಎರಡು ಕೊಂಡಿ, ಹಿಂದೆ ಅಗಲವಾದ ಮೆತ್ತೆ ಇರುತ್ತೆ. ಪಕ್ಕದ ಆ ಎರಡು ಕೊಂಡಿಗೆ ಉದ್ದ ಹೊಂದಿಸಿಕೊಳ್ಳುವ ಲ್ಯಾನ್ಯಾರ್ಡ್ ಸಿಕ್ಕಿಸಿ ಕಾಂಡದ ಸುತ್ತ ಹಾಯಿಸಿದರೆ, ಒರಗಿ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ನಮ್ಮ ದೇಶದ ಕಂಪನಿಗಳೇ ಮಾಡ್ತವೆ. ನನಗೆ ಹಾರ್ನೆಸ್ 2,600ಕ್ಕೆ, ಲ್ಯಾನ್ಯಾರ್ಡ್ 1,400ಕ್ಕೆ ಸಿಕ್ಕಿತು. ನನ್ನ ಇಡೀ ಖರೀದಿಯಲ್ಲಿ ಸರಿಯಾಗಿ ಖರ್ಚಾಯಿತು ಅನಿಸಿದ್ದು ಈ ನಾಲ್ಕು ಸಾವಿರ.

ಅಂಗಡಿಯವನ ಬಾಯಿಮಾತು ಬೇಡ, ಚೀಟಿ ಓದಿ. ಹಾರ್ನೆಸ್ ಮೇಲೆ ಹೊಲಿದ ಬಟ್ಟೆಚೀಟಿಯಲ್ಲಿ ಐಎಸ್ 3521 ಅಂತ ಇದ್ದರೆ ಅದು ಭಾರತದ ಮಾನದಂಡ. ಯುರೋಪಿನದಾದರೆ ಇಎನ್ 361 ಅಂದರೆ ಬಿದ್ದಾಗ ಹಿಡಿಯೋದು, ಇಎನ್ 358 ಅಂದರೆ ಒರಗಿ ನಿಂತು ಕೆಲಸ ಮಾಡೋಕೆ ಆಗೋದು. ನಮ್ಮ ಕೆಲಸಕ್ಕೆ ಎರಡೂ ನಂಬರ್ ಒಂದೇ ಹಾರ್ನೆಸ್ ಮೇಲಿದ್ದರೆ ಚೆನ್ನ. ಐಎಸ್‌ಐ ಗುರುತು ಇದ್ದರೆ ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್ ಇಳಿಸಿಕೊಂಡು ಆ ನಂಬರ್ ಹಾಕಿ, ಯಾವ ಕಂಪನಿಗೆ, ಯಾವ ವಸ್ತುವಿಗೆ ಲೈಸೆನ್ಸ್ ಕೊಟ್ಟಿದ್ದಾರೆ ಅಂತ ಅಂಗಡಿಯಲ್ಲಿ ನಿಂತೇ ಕಾಣುತ್ತೆ. ನಾನು ನೋಡಿದ ಒಂದು ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ದೊಡ್ಡದಾಗಿತ್ತು, ನಂಬರೇ ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವನು 'ಅದೆಲ್ಲ ಯಾರು ನೋಡ್ತಾರೆ ಸಾರ್' ಅಂದ. ವಾಪಸ್ ಇಟ್ಟು ಬಂದೆ.

ಹೆಲ್ಮೆಟ್ ಬಗ್ಗೆ ನನಗೆ ಹುಬ್ಬಿನ ಮೇಲಿನ ಗುರುತು ಪಾಠ ಹೇಳಿದೆ. ಕಟ್ಟಡ ಕೆಲಸದ ಹೆಲ್ಮೆಟ್ಟಿಗೂ ಬೆಟ್ಟ ಹತ್ತುವವರ ಹೆಲ್ಮೆಟ್ಟಿಗೂ ಒಂದು ಮುಖ್ಯ ವ್ಯತ್ಯಾಸ ಗದ್ದದ ಪಟ್ಟಿಯಲ್ಲಿದೆ. ಯುರೋಪಿನ ಇಎನ್ 397 ಕೈಗಾರಿಕಾ ಹೆಲ್ಮೆಟ್ಟಿನ ಪಟ್ಟಿ ಸುಮಾರು 15ರಿಂದ 25 ಕೆಜಿ ಎಳೆತಕ್ಕೆ ಬಿಚ್ಚಿಕೊಳ್ಳಲೇಬೇಕು, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕತ್ತು ಬಿಗಿಯಬಾರದು ಅಂತ. ಬೆಟ್ಟ ಹತ್ತುವವರ ಇಎನ್ 12492 ಹೆಲ್ಮೆಟ್ಟಿನದು 50 ಕೆಜಿ ಎಳೆದರೂ ತಲೆ ಬಿಡಬಾರದು, ಯಾಕಂದರೆ ಬೀಳುವಾಗಲೂ ಅದು ತಲೆ ಮೇಲೇ ಇರಬೇಕು. ಮರ ಹತ್ತುವವನಿಗೆ ಎರಡನೆಯದೇ ಸರಿ. ಆದರೆ ಅದು ಮೂರು-ನಾಲ್ಕು ಸಾವಿರದಿಂದ ಶುರು. ನಾನು ಸದ್ಯಕ್ಕೆ ಮಾಡಿದ್ದು, ಐಎಸ್ 2925 ಗುರುತಿನ, ಹಿಂದೆ ತಿರುಗಿಸಿ ಬಿಗಿಮಾಡೋ ಗುಂಡಿ ಇರುವ, ನಾಲ್ಕು ಕಡೆ ಪಟ್ಟಿ ಹಿಡಿದಿರುವ ಕೈಗಾರಿಕಾ ಹೆಲ್ಮೆಟ್, 450 ರೂಪಾಯಿಗೆ. ಇದು ಪೂರ್ತಿ ಸರಿಯಲ್ಲ, ದುಡ್ಡಿಲ್ಲದವನ ರಾಜಿ. ಅಂಗಡಿಯಲ್ಲೇ ತೊಟ್ಟು, ಪಟ್ಟಿ ಬಿಗಿದು, ತಲೆ ಕೆಳಗೆ ಬಗ್ಗಿಸಿ ಅಲ್ಲಾಡಿಸಿ. ಜನ ನಗ್ತಾರೆ, ನಗಲಿ. ಬಿದ್ದರೆ ಬೇಡ. ಚಿಪ್ಪಿನ ಒಳಗೆ ತಯಾರಾದ ತಿಂಗಳು-ವರ್ಷ ಅಚ್ಚು ಹಾಕಿರ್ತಾರೆ, ಅದನ್ನೂ ನೋಡಿ. ಬಿಸಿಲಿಗೆ ಪ್ಲಾಸ್ಟಿಕ್ ಸೊರಗುತ್ತೆ. ಬೈಕ್ ಹೆಲ್ಮೆಟ್ ಹಾಕ್ಕೊಂಡ್ರೆ ಸಾಲದಾ ಅಂತ ಕೇಳ್ತಾರೆ ಕೆಲವರು. ಅದರಲ್ಲಿ ಮೇಲೆ ಕಾಣಲ್ಲ, ಕೆಳಗಿನವನು ಕೂಗಿದ್ದು ಕೇಳಲ್ಲ, ಸೆಕೆಗೆ ಹತ್ತು ನಿಮಿಷದಲ್ಲಿ ನೀವೇ ತೆಗೆದು ಎಸೀತೀರಿ.

ಹಗ್ಗದ ಕಥೆ ಬೇರೆ. ನಮ್ಮ ಮನೆಯಲ್ಲಿ ಹಳದಿ ಪ್ಲಾಸ್ಟಿಕ್ ಹಗ್ಗ ಇಲ್ಲದ ಮೂಲೆ ಇಲ್ಲ. ಹಸು ಕಟ್ಟೋದು, ಪಂಪ್ ಇಳಿಸೋದು, ಬಟ್ಟೆ ಒಣಗಿಸೋದು ಎಲ್ಲಕ್ಕೂ ಅದೇ. ಜೀವ ತೂಗೋಕೆ ಮಾತ್ರ ಅದು ಬೇಡ. ಆ ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಪುಡಿಯಾಗುತ್ತೆ, 165 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಭಾರ ಹೊತ್ತು ಕೊಂಬೆ ಮೇಲೆ ಉಜ್ಜಿದರೆ, ಇನ್ನೊಂದು ಹಗ್ಗ ಅದರ ಮೇಲೆ ಓಡಿದರೆ ಬಿಸಿಗೆ ಕತ್ತರಿಸಿಹೋಗಬಹುದು. ಹತ್ತೋಕೆ ಬೇಕಾದ್ದು ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರೋ, ಕಡಿಮೆ ಹಿಗ್ಗುವ ಹಗ್ಗ, 11 ಮಿಲಿಮೀಟರ್ ಅಥವಾ ಮೇಲೆ. ಇಎನ್ 1891 'ಎ' ವರ್ಗ ಅಂತ ಇದ್ದರೆ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮೇಲೆ ತಡೆಯುವಂಥದ್ದು. ಗಂಟು ಹಾಕಿದ ಕಡೆ ಬಲ ಬಹಳ ಇಳಿಯುತ್ತೆ, ಅದಕ್ಕೇ ಅಷ್ಟು ಹೆಚ್ಚು ಇಟ್ಟಿರೋದು. 30 ಮೀಟರಿಗೆ 2,400 ಕೊಟ್ಟೆ. ತಾನಾಗೇ ಲಾಕ್ ಆಗುವ ಎರಡು ಸ್ಟೀಲ್ ಕ್ಯಾರಾಬೈನರಿಗೆ 1,100. ಕ್ಯಾರಾಬೈನರಿನ ಬೆನ್ನ ಮೇಲೆ ಕಿಲೋನ್ಯೂಟನ್ ಸಂಖ್ಯೆ ಕೊರೆದಿಲ್ಲದಿದ್ದರೆ ಅದು ಕೀಚೈನ್, ಅಷ್ಟೇ.

ಕಿವಿಗೆ 350ರ ಇಯರ್ ಮಫ್, 120ರ ಕನ್ನಡಕ, 80ರ ಕೈಗವಸು, ಐಎಸ್ 15298 ಗುರುತಿನ ಶೂ 900. ಕಿವಿಯದ್ದನ್ನು ಎಲ್ಲರೂ ತಾತ್ಸಾರ ಮಾಡ್ತಾರೆ, ಹತ್ತಿ ತುರುಕಿಕೊಂಡರೆ ಆಯ್ತು ಅಂತ. ಪೆಟ್ರೋಲ್ ಚೈನ್ ಸಾ ಸದ್ದು ನೂರು ಡೆಸಿಬಲ್ ದಾಟುತ್ತೆ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನೋ ಲೆಕ್ಕದಲ್ಲಿ, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗ್ತಾ ಬಂದು, ನೂರಕ್ಕೆ ಹದಿನೈದೇ ನಿಮಿಷ. ಮೇಸ್ತ್ರಿ ಜೊತೆ ಫೋನಲ್ಲಿ ಮಾತಾಡಿದವರಿಗೆ ಗೊತ್ತು, ಎರಡು ಸಲ ಕೂಗಿ ಹೇಳಬೇಕು. ಅವರಿಗಿನ್ನೂ ಐವತ್ತೆರಡು.

ಕೈಗರಗಸದ 700 ಸೇರಿ ಒಟ್ಟು 10,100 ಆಯಿತು. ಕಡಿಮೆ ಬಿದ್ದ ನೂರನ್ನು ಅಮ್ಮ ಕೊಟ್ಟಳು, ಅಪ್ಪನಿಗೆ ಹೇಳದೆ. ಇದು ನನ್ನ ಬಿಲ್ಲು, ನಿಮ್ಮೂರಲ್ಲಿ ಹೆಚ್ಚು ಕಡಿಮೆ ಆಗುತ್ತೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಇದು ನನಗೆ ಅತಿ ಹೆಚ್ಚು ಬರೋ ಪ್ರಶ್ನೆ. ಬಟ್ಟೆ-ನೂಲಿನದು, ಅಂದರೆ ಹಾರ್ನೆಸ್, ಹಗ್ಗ, ಲ್ಯಾನ್ಯಾರ್ಡ್ ಮತ್ತು ಹೆಲ್ಮೆಟ್, ಇವನ್ನು ಬೇಡವೇ ಬೇಡ. ನಮ್ಮ ಜೊತೆಗಾರ ಒಬ್ಬ ಪೇಂಟರ್ ಒಬ್ಬರಿಂದ ಐನೂರಕ್ಕೆ ಹಳೆ ಹಾರ್ನೆಸ್ ತಂದಿದ್ದ. ನೋಡೋಕೆ ಗಟ್ಟಿಯಾಗೇ ಇತ್ತು. ಚೀಟಿ ಅಳಿಸಿಹೋಗಿತ್ತು, ಯಾವ ವರ್ಷದ್ದೋ ಗೊತ್ತಿಲ್ಲ. ತೊಡೆಪಟ್ಟಿಯನ್ನು ಉಗುರಿನಲ್ಲಿ ಕೆರೆದರೆ ನೂಲು ಹೊಟ್ಟಿನಂತೆ ಉದುರಿತು. ಬಿಸಿಲೋ, ಆಸಿಡ್ಡೋ ಯಾರಿಗೆ ಗೊತ್ತು. ನೈಲಾನ್ ಆಸಿಡ್ಡಿಗೆ ಹೆದರುತ್ತೆ, ಹಾಗಾಗಿ ಜೀಪಿನ ಹಿಂದೆ ಹಳೆ ಬ್ಯಾಟರಿ ಪಕ್ಕ ಹಾರ್ನೆಸ್ ಎಸೆದುಕೊಂಡು ಹೋಗೋ ಅಭ್ಯಾಸ ಬಿಡಿ. ಔಷಧಿ ಹೊಡೆಯೋ ಕೋಣೆಯಲ್ಲೂ ನೇತುಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಗೋ ಜಾಗ ಅಂದರೆ ಒಲೆ ಮೇಲಿನ ಅಟ್ಟ, ಅಲ್ಲೂ ಬೇಡ. ಗಾಳಿಯಾಡೋ ನೆರಳಲ್ಲಿ ಹರವಿ ಸಾಕು. ಒಂದು ಕಿವಿಮಾತು: ತೊಡೋ ಮೊದಲು ಕೊಡವಿ. ಹಾರ್ನೆಸ್ ಮೆತ್ತೆಯೊಳಗೆ ಚಗಳಿ ಇರುವೆ ಸೇರಿಕೊಂಡಿದ್ದು ಮರದ ಮೇಲೆ ಹೋದಮೇಲೆ ಗೊತ್ತಾದರೆ ಏನಾಗುತ್ತೆ ಅಂತ ನನ್ನನ್ನು ಕೇಳಿ.

ಕೈಗರಗಸ, ಶೂ, ಕಿವಿಮಫ್ ಹಳೇದಾದರೂ ನಡೆಯುತ್ತೆ. ಚೈನ್ ಸಾ ಪ್ಯಾಂಟ್ ಕೂಡ, ಕೊಯ್ದ ಗುರುತು, ಹೊಲಿದ ತೇಪೆ ಇಲ್ಲದಿದ್ದರೆ.

ಆ ಪ್ಯಾಂಟ್ ಬಗ್ಗೆ ಹೇಳಬೇಕು. ಅದರ ಒಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಚೈನ್ ತಾಗಿದ ಕ್ಷಣ ಆ ನೂಲು ಎಳೆದುಕೊಂಡು ಹೋಗಿ ಮಿಷನ್ನಿನ ಹಲ್ಲುಚಕ್ರಕ್ಕೆ ಸುತ್ತಿ ಚೈನನ್ನೇ ನಿಲ್ಲಿಸುತ್ತೆ. ಕಬ್ಬಿಣದ ಕವಚದಂತೆ ತಡೆಯೋದಲ್ಲ, ಸಿಕ್ಕು ಹಾಕಿ ನಿಲ್ಲಿಸೋದು. ಅದಕ್ಕೇ ಒಂದು ಸಲ ಕೊಯ್ಸಿಕೊಂಡರೆ ಅದರ ಕಥೆ ಮುಗೀತು, ಮತ್ತೆ ಹೊಲಿದರೆ ನೂಲು ಎಳೆಯೋಕೆ ಬರಲ್ಲ. ಚೀಟಿಯಲ್ಲಿ ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ, ಕ್ಲಾಸ್ 2 ಅಂದರೆ 24 ಮೀಟರಿಗೆ ಪರೀಕ್ಷೆ ಮಾಡಿದ್ದು. 'ಎ' ಮಾದರಿಯಲ್ಲಿ ಮುಂಭಾಗಕ್ಕಷ್ಟೇ ರಕ್ಷಣೆ, 'ಸಿ' ಮಾದರಿಯಲ್ಲಿ ಕಾಲಿನ ಸುತ್ತಲೂ. ನೆಲದ ಕೆಲಸಕ್ಕೆ 'ಎ' ಸಾಕು. ಬೆಲೆ ಎಂಟೊಂಬತ್ತು ಸಾವಿರ. ನಮ್ಮ ಗೆಳೆಯ ಇದನ್ನೇ 'ಪ್ಯಾಂಟಿಗೆ ಒಂಬತ್ತು ಸಾವಿರಾನಾ' ಅಂತ ನಕ್ಕು ಬಿಟ್ಟಿದ್ದ. ನಾವೂ ನಕ್ಕಿದ್ದೆವು.

ಅವನಿಗೆ ಹಾಗಾದ ಮೇಲೆ ಉಳಿದ ಮೂವರು ತಲಾ ಮೂರು ಸಾವಿರ ಹಾಕಿ ಒಂದು ಪ್ಯಾಂಟ್ ತಂದೆವು. ಒಂದು ಗುಂಪಿನಲ್ಲಿ ಒಂದು ಹೊತ್ತಿಗೆ ಮಿಷನ್ ಹಿಡಿಯೋನು ಒಬ್ಬನೇ ತಾನೆ? ಯಾರು ಮಿಷನ್ ಹಿಡೀತಾರೋ ಅವರಿಗೆ ಪ್ಯಾಂಟ್. ದೊಡ್ಡ ಅಳತೆಯದು ತಗೊಂಡು ಬೆಲ್ಟ್ ಬಿಗಿಯೋದು. ಮಿಷನ್ ಮೇಸ್ತ್ರಿಯದು, ಅದೂ ನೆಲದ ಮೇಲೆ ಮಾತ್ರ. ಪ್ಯಾಂಟ್ ಒಗೆಯೋ ಪಾಳಿ ಬಗ್ಗೆ ಮಾತ್ರ ಇನ್ನೂ ಜಗಳ ಇದೆ. ಹಾರ್ನೆಸ್, ಹೆಲ್ಮೆಟ್ ಮಾತ್ರ ಹೀಗೆ ಹಂಚಿಕೊಳ್ಳಬೇಡಿ, ಅದಕ್ಕೆ ಏನೇನಾಗಿದೆ ಅನ್ನೋದು ಒಬ್ಬನಿಗೇ ಗೊತ್ತಿರಬೇಕು.

ಸಾಧನ ಕೊಂಡವನಿಗೆ ಬರೋ ಒಂದು ಹುಸಿ ಧೈರ್ಯ ಇದೆ, ನನಗೂ ಬಂದಿತ್ತು. ಲ್ಯಾನ್ಯಾರ್ಡನ್ನು ಸಡಿಲ ಬಿಟ್ಟು, ಸೊಂಟಕ್ಕಿಂತ ಕೆಳಗೆ ಸುತ್ತಿ ನಿಂತಿದ್ದೆ. ಮೇಸ್ತ್ರಿ ಕೆಳಗಿಂದ ಬೈದರು. ಒರಗಿ ನಿಲ್ಲೋ ಲ್ಯಾನ್ಯಾರ್ಡ್ ಬೀಳೋದನ್ನು ಹಿಡಿಯೋಕೆ ಮಾಡಿದ್ದಲ್ಲ, ಸೊಂಟಕ್ಕಿಂತ ಮೇಲೆ ಸುತ್ತಿ ಬಿಗಿಯಾಗಿಟ್ಟು, ಜಾರಿದರೂ ಅರ್ಧ ಮೀಟರ್ ಮೀರದಂತೆ ಇರಬೇಕು. ಅದರ ಜೊತೆಗೆ ಮೇಲಿನ ಗಟ್ಟಿ ಕವಲಿಗೆ ಹಾಯಿಸಿದ ಹಗ್ಗ ಎರಡನೇ ಹಿಡಿತ. ಇನ್ನು ಆಘಾತ ತಡೆಯೋ ಪೊಟ್ಟಣ ಇರೋ ಲ್ಯಾನ್ಯಾರ್ಡ್ ಮಾರ್ತಾರಲ್ಲ, ಅದರ ಲೆಕ್ಕ ಒಮ್ಮೆ ಹಾಕಿ ನೋಡಿ: ಎರಡು ಮೀಟರ್ ಹಗ್ಗ, ಪೊಟ್ಟಣ ಬಿಚ್ಚಿಕೊಂಡರೆ ಒಂದೂಮುಕ್ಕಾಲು ಮೀಟರ್ ತನಕ, ಅದರ ಕೆಳಗೆ ನಿಮ್ಮ ದೇಹ. ಆರು ಮೀಟರಿಗೂ ಹೆಚ್ಚು ಖಾಲಿ ಜಾಗ ಕೆಳಗೆ ಬೇಕು. ಹದಿನೈದಡಿ ಎತ್ತರದಲ್ಲಿ ಅದನ್ನು ಕಟ್ಟಿಕೊಂಡು ಬಿದ್ದರೆ ಪೊಟ್ಟಣ ಪೂರ್ತಿ ಬಿಚ್ಚೋ ಮೊದಲೇ ನೆಲ ಸಿಗುತ್ತೆ.

ಹಾಗೇ ಯಾವ ಸಾಧನವೂ ಕಾಯದ ಒಂದು ವಿಷಯ ಕರೆಂಟು. ಕಾಫಿ ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತ ಸುದ್ದಿ ಮೆಣಸು ಕೊಯ್ಲು, ಮರಗಸಿ ಕಾಲದಲ್ಲಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತೆ. ಹಗುರ ಅಂತ ಬಿದಿರಿನ ಏಣಿ ಬಿಟ್ಟು ಅದನ್ನು ತಂದೆವು. 11 ಕೆವಿ ಲೈನ್ ಎದುರು ರಬ್ಬರ್ ಚಪ್ಪಲಿ, ಬಣ್ಣದ ಕೈಗವಸು ಎಲ್ಲ ಸೊನ್ನೆ. ತಂತಿ ಹತ್ತಿರದ ಮರಕ್ಕೆ ಮೆಸ್ಕಾಂ, ಸೆಸ್ಕ್, ನಿಮ್ಮ ಕಡೆ ಯಾವುದೋ ಅವರ ಕಚೇರಿಗೆ ಹೇಳಿ, ಲೈನ್ ಆಫ್ ಮಾಡಿಸಿ, ಲೈನ್‌ಮನ್ ಎದುರಿಗಿದ್ದಾಗಲೇ ಹತ್ತಬೇಕು. ಮಾಲೀಕರು 'ಬೇಗ ಒಂದು ಕೊಂಬೆ ಅಲ್ವಾ, ಹೊಡೆದುಬಿಡು' ಅಂದರೆ ಇಳಿದು ಬನ್ನಿ. ನಾನು ಎರಡು ಸಲ ಇಳಿದು ಬಂದಿದ್ದೀನಿ, ಒಂದು ತೋಟದಲ್ಲಿ ಮತ್ತೆ ಕರೆಯಲಿಲ್ಲ.

ಎಲ್ಲಕ್ಕಿಂತ ಅಗ್ಗದ ರಕ್ಷಣೆ ಬ್ಯಾಂಕಿನಲ್ಲಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ. ಖಾತೆಯಿಂದ ತಾನೇ ಕಡಿತ ಆಗುತ್ತೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ತರಬೇತಿ ಇದೆ, ಕೇರ ಸುರಕ್ಷಾ ಅನ್ನೋ ವಿಮೆ ಇದೆ. ಕಾಫಿ ತೋಟದ ಮರ ಹತ್ತುವ ನಮಗೆ ಅಂಥದ್ದು ಅಂತ ಹೆಸರು ಹೇಳಿ ತೋರಿಸೋಕೆ ನನಗೆ ಸಿಕ್ಕಿಲ್ಲ. ದೋಟಿಗೆ, ಮಿಷನ್ನಿಗೆ ಸಹಾಯಧನ ಕೇಳಿದರೆ ಅರ್ಜಿ ಕೊಡ್ತಾರೆ. ಹಾರ್ನೆಸ್ಸಿಗೆ ಕೇಳಿದಾಗ ಕೌಂಟರ್ ಆಚೆಗಿದ್ದವರು ಅದೇನು ಅಂತ ನನ್ನನ್ನೇ ಕೇಳಿದರು. ಕೊಯ್ಯೋ ಸಾಧನಕ್ಕೆ ಸರ್ಕಾರದ ದುಡ್ಡು, ಕಾಯೋ ಸಾಧನಕ್ಕೆ ಹುಡುಗನ ಕೂಲಿ. ಇದು ತಲೆಕೆಳಗು ಅಂತ ನನ್ನ ತಕರಾರು.

ಹಿರಿಯರು ಒಂದು ಮಾತು ಹೇಳ್ತಾರೆ: 'ನಾವು ಮೂವತ್ತು ವರ್ಷ ಬರಿಗಾಲಲ್ಲಿ ಹತ್ತಿದೀವಿ, ಏನಾಯ್ತು?' ಅವರ ಕಾಲಿನ ಹಿಡಿತ, ಮರ ಓದೋ ಕಣ್ಣು ನಮಗಿಲ್ಲ, ಒಪ್ಪುತ್ತೇನೆ. ಆದರೆ ಹೀಗೆ ಹೇಳೋಕೆ ಉಳಿದವರನ್ನು ಮಾತ್ರ ನಾವು ಕೇಳ್ತಿದ್ದೀವಿ. ನಮ್ಮೂರಲ್ಲೇ ಹಾಸಿಗೆ ಹಿಡಿದು ಹನ್ನೊಂದು ವರ್ಷ ಆದ ಒಬ್ಬರಿದ್ದಾರೆ. ಅವರ ಮನೆ ಜಗುಲಿಗೆ ಹೋಗಿ ಈ ಮಾತು ಯಾರೂ ಹೇಳಲ್ಲ.

ತೋಟದ ಮಾಲೀಕರಿಗೂ ಒಂದು ಮಾತು, ಈ ಪುಟ ಅವರ ಮಕ್ಕಳೂ ಓದ್ತಾರೆ ಅಂತ ಗೊತ್ತು. ಮಿಷನ್ ಬಾಡಿಗೆ ಅಂತ ಕೊಡ್ತೀರಿ, ಪೆಟ್ರೋಲ್ ಖರ್ಚು ಕೊಡ್ತೀರಿ. ಹಾರ್ನೆಸ್ ಕೂಡ ಸವೆಯೋ ವಸ್ತು, ಬಳಕೆ ಇಲ್ಲದೆ ಇಟ್ಟರೂ ಕೆಲ ವರ್ಷಕ್ಕೆ ಬದಲಿಸಬೇಕು. ನಮ್ಮ ಗುಂಪು ಹೋದ ಸೀಸನ್‌ನಿಂದ ದಿನದ ಕೂಲಿ ಮೇಲೆ ತಲೆಗೆ ಐವತ್ತು ರೂಪಾಯಿ 'ಸಾಧನದ ಖರ್ಚು' ಅಂತ ಬೇರೆಯಾಗಿ ಕೇಳೋಕೆ ಶುರು ಮಾಡಿದೆ. ಮೊದಲು ಕೇಳಿದ ಐದು ತೋಟದಲ್ಲಿ ಮೂವರು ಒಪ್ಪಿದರು. ಒಬ್ಬರು 'ಹಗ್ಗ ನಮ್ಮ ಮನೇಲೇ ಇದೆ, ಹಳದೀದು, ತಗೊಂಡು ಹೋಗಿ' ಅಂದರು. ಐದನೆಯವರು ಏನೂ ಹೇಳದೆ ನನ್ನ ಹಾರ್ನೆಸ್ ಕೈಗೆ ತಗೊಂಡು, ಚೀಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಇದು ಎಲ್ಲಿ ಸಿಗುತ್ತೆ ಅಂತ ಕೇಳಿದರು. ಅವರ ಮಗನೂ ಮೆಣಸು ಕೊಯ್ಯೋಕೆ ಏಣಿ ಹತ್ತುತ್ತಾನಂತೆ. ಅಂಗಡಿಯ ಬಿಲ್ಲು, ಚೀಟಿಯ ಫೋಟೋ ಎರಡೂ ಫೋನಲ್ಲಿ ಇಟ್ಟಿದ್ದೆ, ಅಲ್ಲೇ ಕಳಿಸಿದೆ.